ತಾಣದ ವಿನ್ಯಾಸ ಬದಲಿಸಿದ ಮೇಲೆ ಗೂಗಲ್‌ನಿಂದ ಬರುವ ಓದುಗರು ಕಾಲು ಭಾಗಕ್ಕೆ ಇಳಿದಿದ್ದಾರೆ. ಕಾಯಬೇಕೇ, ಹಳೆಯದಕ್ಕೆ ಮರಳಬೇಕೇ?

ತೋಟದಮನೆ | ಜೂನ್ 6, ರಾತ್ರಿ 9.40

ಹತ್ತು ವರ್ಷಗಳಿಂದ ಅಡಿಕೆ, ಕಾಳುಮೆಣಸು, ಏಲಕ್ಕಿ ಬೇಸಾಯದ ಬಗ್ಗೆ ಕನ್ನಡದಲ್ಲಿ ಒಂದು ಜಾಲತಾಣ ನಡೆಸುತ್ತಿದ್ದೇನೆ. ತಾಣ ನಡೆಸುವ ತಂತ್ರಾಂಶವಾದ ವರ್ಡ್‌ಪ್ರೆಸ್‌ನಲ್ಲಿ ಸುಮಾರು 640 ಲೇಖನಗಳಿವೆ. ಮೊಬೈಲ್‌ನಲ್ಲಿ ಅಕ್ಷರ ತೀರಾ ಸಣ್ಣದಾಗಿ ಕಾಣುತ್ತದೆ ಎಂದು ಓದುಗರು ದೂರುತ್ತಲೇ ಇದ್ದರು. ಹಾಗಾಗಿ ಒಂದು ಸಂಸ್ಥೆಗೆ ಹೊಸ ವಿನ್ಯಾಸದ ಕೆಲಸ ಕೊಟ್ಟೆ. ಮೇ 25ಕ್ಕೆ ಹೊಸ ತಾಣ ತೆರೆಯಿತು. ನೋಡಲು ಚೆನ್ನಾಗಿದೆ, ಪುಟಗಳು ಬೇಗ ಬರುತ್ತವೆ.

ಆದರೆ ಗೂಗಲ್‌ನಿಂದ ದಿನಕ್ಕೆ 1,800 ಜನ ಬರುತ್ತಿದ್ದ ಕಡೆ ಈಗ 450 ಜನ ಬರುತ್ತಿದ್ದಾರೆ. ‘ಅಡಿಕೆ ಕೊಳೆ ರೋಗ’ ಎಂದು ಹುಡುಕಿದರೆ ವರ್ಷಗಟ್ಟಲೆ ಮೊದಲ ಮೂರರಲ್ಲಿ ಸಿಗುತ್ತಿದ್ದ ನನ್ನ ಲೇಖನ ಎಷ್ಟು ಕೆಳಗೆ ಹೋದರೂ ಕಾಣುತ್ತಿಲ್ಲ. ಮಳೆ ಹಿಡಿಯುವ ಹೊತ್ತು. ವರ್ಷದಲ್ಲಿ ಅತಿ ಹೆಚ್ಚು ಜನರಿಗೆ ಆ ಲೇಖನ ಬೇಕಾಗುವುದು ಈ ಎರಡು ತಿಂಗಳಲ್ಲೇ. ಸಂಸ್ಥೆಯವರು ‘ಗೂಗಲ್ ತಾನಾಗಿಯೇ ಕಲಿತುಕೊಳ್ಳುತ್ತದೆ, ಮೂರು ತಿಂಗಳು ಕಾಯಿರಿ’ ಎನ್ನುತ್ತಾರೆ. ಮೂರು ತಿಂಗಳಾದರೆ ಆಗಸ್ಟ್ ಮುಗಿದಿರುತ್ತದೆ. ಏನು ಮಾಡಲಿ?

ಬಯಲುಸೀಮೆ | ಜೂನ್ 6, ರಾತ್ರಿ 9.52

ಮೊದಲು ವರ್ಡ್‌ಪ್ರೆಸ್‌ನ ಸೆಟ್ಟಿಂಗ್ಸ್‌ನಲ್ಲಿ ರೀಡಿಂಗ್ ಪುಟ ತೆರೆಯಿರಿ. ಹುಡುಕು ಯಂತ್ರಗಳನ್ನು ದೂರವಿಡುವ ಚೌಕಕ್ಕೆ ಗುರುತು ಬಿದ್ದಿದೆಯೇ ನೋಡಿ. ತಾಣವನ್ನು ಕಟ್ಟುವಾಗ ಅದನ್ನು ಹಾಕಿರುತ್ತಾರೆ, ತೆರೆಯುವ ದಿನ ತೆಗೆಯಲು ಮರೆಯುತ್ತಾರೆ. ನಾನು ಕಂಡ ಇಂತಹ ಪ್ರಕರಣಗಳಲ್ಲಿ ಅರ್ಧದಷ್ಟು ಅಲ್ಲೇ ಮುಗಿದಿವೆ.

ತೋಟದಮನೆ | ಜೂನ್ 6, ರಾತ್ರಿ 9.58

ನೋಡಿದೆ. ಗುರುತಿಲ್ಲ.

ಸರ್ವರ್_ಮನೆ | ಜೂನ್ 6, ರಾತ್ರಿ 10.15

ನಿಮ್ಮ ಯಾವುದಾದರೂ ಹಳೆಯ ಕೊಂಡಿ ಕೈಯಲ್ಲಿದೆಯೇ? ವಾಟ್ಸಾಪ್‌ನಲ್ಲಿ ಹಿಂದೆ ಕಳುಹಿಸಿದ್ದಾದರೂ ಸರಿ. ಅದನ್ನು ಒತ್ತಿದರೆ ಯಾವ ಪುಟ ತೆರೆಯುತ್ತದೆ ಎಂಬುದನ್ನು ಇಲ್ಲಿ ಬರೆಯಿರಿ. ಅದು ತಿಳಿಯದೆ ಉಳಿದ ಮಾತೆಲ್ಲ ಊಹೆಯೇ.

ತೋಟದಮನೆ | ಜೂನ್ 6, ರಾತ್ರಿ 10.31

ಐದು ಹಳೆಯ ಕೊಂಡಿಗಳನ್ನು ಒತ್ತಿದೆ. ಐದೂ ಮುಖಪುಟಕ್ಕೆ ಹೋದವು. ಹಿಂದೆ ವಿಳಾಸದಲ್ಲಿ ವರ್ಷ, ತಿಂಗಳು, ಆಮೇಲೆ ಕನ್ನಡದಲ್ಲೇ ಶೀರ್ಷಿಕೆ ಇರುತ್ತಿತ್ತು. ಈಗ ವರ್ಷ, ತಿಂಗಳು ತೆಗೆದು ಶೀರ್ಷಿಕೆಯನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆದಿದ್ದಾರೆ. ‘ಹಳೆಯ ಕೊಂಡಿಗಳಿಗೆಲ್ಲ ರೀಡೈರೆಕ್ಟ್ (ಬೇರೆ ವಿಳಾಸಕ್ಕೆ ದಾಟಿಸುವ ವ್ಯವಸ್ಥೆ) ಹಾಕಿದ್ದೇವೆ’ ಎಂದು ಅವರು ಹೇಳಿದ್ದು ಇದನ್ನೇ ಎಂದು ಈಗ ಅರ್ಥವಾಗುತ್ತಿದೆ.

ಸರ್ವರ್_ಮನೆ | ಜೂನ್ 6, ರಾತ್ರಿ 10.50

ಸಿಕ್ಕಿತು. 640 ವಿಳಾಸಗಳನ್ನು ಒಂದೇ ಬಾಗಿಲಿಗೆ ತಳ್ಳಿದ್ದಾರೆ. ಇದನ್ನು ರೀಡೈರೆಕ್ಟ್ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಕೊಳೆ ರೋಗದ ಪುಟ ಕೇಳಿದವನಿಗೆ ಮುಖಪುಟ ಕೊಟ್ಟರೆ, ಕೇಳಿದ ಪುಟ ಇಲ್ಲವೆಂದೇ ಗೂಗಲ್ ಲೆಕ್ಕ ಹಾಕುತ್ತದೆ. ಅದರ ಭಾಷೆಯಲ್ಲಿ ಇದಕ್ಕೆ ‘ಸಾಫ್ಟ್ 404’ ಎನ್ನುತ್ತಾರೆ. ಹಳೆಯ ವಿಳಾಸಕ್ಕೆ ಹತ್ತು ವರ್ಷ ಬೇರೆ ತಾಣಗಳು ಕೊಟ್ಟ ಕೊಂಡಿಗಳ ಬಲ ಹೊಸ ಪುಟಕ್ಕೆ ದಾಟುವುದಿಲ್ಲ. ಹೊಸ ಪುಟ ಗೂಗಲ್‌ನ ಕಣ್ಣಿಗೆ ಮೊನ್ನೆ ಹುಟ್ಟಿದ್ದು.

ಒಂದೊಂದು ಹಳೆಯ ವಿಳಾಸವೂ ಅದೇ ಲೇಖನದ ಹೊಸ ವಿಳಾಸಕ್ಕೇ ಹೋಗಬೇಕು, ಬದಲಾವಣೆ ಶಾಶ್ವತ ಎಂದು ತಿಳಿಸುವ 301 ಸಂಕೇತದೊಂದಿಗೆ. 302 ಹಾಕಿದರೆ ಅದು ತಾತ್ಕಾಲಿಕ ಎಂದಾಗುತ್ತದೆ. ಮೂರು ತಿಂಗಳಲ್ಲ, ಮೂರು ವರ್ಷ ಕಾದರೂ ಈಗಿನ ಸ್ಥಿತಿ ತಾನಾಗಿ ಸರಿಹೋಗುವುದಿಲ್ಲ.

ಘಟ್ಟದಮೇಲೆ | ಜೂನ್ 7, ಬೆಳಿಗ್ಗೆ 6.20

ತಾಣದ ಮಾಲೀಕರಿಗೆ ಗೂಗಲ್ ಕೊಡುವ ಸರ್ಚ್ ಕನ್ಸೋಲ್‌ನಲ್ಲಿ ವಿಳಾಸ ಬದಲಾವಣೆ ತಿಳಿಸುವ ಸಾಧನವೇ ಇದೆಯಲ್ಲ, ಅಲ್ಲಿ ತಿಳಿಸಿದರೆ ಕೆಲಸ ಸುಲಭ.

ಸರ್ವರ್_ಮನೆ | ಜೂನ್ 7, ಬೆಳಿಗ್ಗೆ 7.05

ಇಲ್ಲ, ಅದು ಇಲ್ಲಿಗೆ ಹೊಂದುವುದಿಲ್ಲ. ಒಂದು ಡೊಮೇನ್ (ತಾಣದ ಮೂಲ ಹೆಸರು) ಬಿಟ್ಟು ಇನ್ನೊಂದಕ್ಕೆ ಹೋಗುವವರಿಗೆ ಆ ಸಾಧನ. ಇವರ ಡೊಮೇನ್ ಹಾಗೆಯೇ ಇದೆ, ಒಳಗಿನ ವಿಳಾಸಗಳು ಬದಲಾಗಿವೆ.

ಅಕ್ಷರಜೋಡಣೆ | ಜೂನ್ 7, ಬೆಳಿಗ್ಗೆ 8.30

ನನಗೆ ಕೋಪ ಬರುವುದು ಬೇರೆ ಕಾರಣಕ್ಕೆ. ಮನೆಗೆ ಸುಣ್ಣ ಬಳಿಸಿ ಎಂದರೆ ಬಾಗಿಲ ಸಂಖ್ಯೆಯನ್ನೇಕೆ ಬದಲಿಸಬೇಕು? ವರ್ಡ್‌ಪ್ರೆಸ್‌ನಲ್ಲಿ ಥೀಮ್ ಬೇರೆ, ವಿಳಾಸದ ರಚನೆ ಬೇರೆ. ಅಕ್ಷರದ ಗಾತ್ರ, ಬಣ್ಣ, ಮೊಬೈಲ್ ಜೋಡಣೆ ಎಲ್ಲವನ್ನೂ ಬದಲಿಸಿಯೂ ಒಂದು ವಿಳಾಸವನ್ನೂ ಮುಟ್ಟದೆ ಇರಬಹುದು. ವೆಬ್ ಕಟ್ಟಿದ ಟಿಮ್ ಬರ್ನರ್ಸ್-ಲೀ ಅವರೇ 1998ರಲ್ಲಿ, ಒಳ್ಳೆಯ ವಿಳಾಸ ಬದಲಾಗುವುದಿಲ್ಲ ಎಂದು ಬರೆದಿಟ್ಟಿದ್ದಾರೆ. ನೀವು ಕೇಳಿದ್ದು ದೊಡ್ಡ ಅಕ್ಷರ. ಅವರು ಕೊಟ್ಟದ್ದು ಹೊಸ ವಿಳಾಸ.

ವಿನ್ಯಾಸ_ಕೆಲಸ | ಜೂನ್ 7, ಬೆಳಿಗ್ಗೆ 10.10

ನಾನೂ ತಾಣ ಕಟ್ಟುವ ಕೆಲಸದವನು, ಆ ಸಂಸ್ಥೆಗೆ ಸಂಬಂಧಪಟ್ಟವನಲ್ಲ. ಕನ್ನಡದ ವಿಳಾಸವನ್ನು ನಕಲು ಮಾಡಿ ಅಂಟಿಸಿದರೆ ಶೇಕಡಾ ಚಿಹ್ನೆ, ಅಂಕಿ, ಇಂಗ್ಲಿಷ್ ಅಕ್ಷರಗಳ ಉದ್ದನೆಯ ಸಾಲು ಬರುತ್ತದೆ. ವಾಟ್ಸಾಪ್‌ನಲ್ಲಿ ಅದನ್ನು ಕಂಡವರು ಹೆದರಿ ಒತ್ತುವುದೇ ಇಲ್ಲ. ಗ್ರಾಹಕರೇ ಎಷ್ಟೋ ಸಲ ‘ಇದನ್ನು ಚಿಕ್ಕದು ಮಾಡಿ’ ಎನ್ನುತ್ತಾರೆ. ವಿಳಾಸ ಬದಲಿಸಿದ್ದೇ ಅಪರಾಧವಲ್ಲ, ಯಾವ ಹಳೆಯದು ಯಾವ ಹೊಸದಕ್ಕೆ ಎಂಬ ಪಟ್ಟಿ ಮಾಡದೆ ಬದಲಿಸಿದ್ದು ತಪ್ಪು. ಇನ್ನೊಂದು ಮಾತು: ಹಳೆಯ ವಿಳಾಸಗಳ ಪಟ್ಟಿ ಮಾಡುವ ಕೆಲಸಕ್ಕೆ ಹಣ ಕೊಡಲು ನೂರಕ್ಕೆ ತೊಂಬತ್ತು ಜನ ಒಪ್ಪುವುದಿಲ್ಲ. ಒಪ್ಪಂದದಲ್ಲಿ ಅದನ್ನು ಬರೆಸಿಕೊಳ್ಳಬೇಕಾದವರು ಎರಡೂ ಕಡೆಯವರು.

ಅಕ್ಷರಜೋಡಣೆ | ಜೂನ್ 7, ಬೆಳಿಗ್ಗೆ 10.34

ಒಪ್ಪಂದದ ಮಾತು ಒಪ್ಪುತ್ತೇನೆ. ಇಂಗ್ಲಿಷ್ ಲಿಪಿಯ ವಿಷಯ ಒಪ್ಪುವುದಿಲ್ಲ. ಇಂಗ್ಲಿಷ್ ಲಿಪಿಯಲ್ಲಿ ‘ಕೊಳೆ’ ಮತ್ತು ‘ಕೊಲೆ’ ಎರಡೂ ಒಂದೇ ಆಗುತ್ತವೆ. ಓದುಗರ ಭಾಷೆಯ ಪದಗಳನ್ನೇ ವಿಳಾಸದಲ್ಲಿ ಬಳಸಿ ಎಂದು ಗೂಗಲ್‌ನ ಮಾರ್ಗಸೂಚಿಯೇ ಹೇಳುತ್ತದೆ. ಗಣಕದಲ್ಲಿ ಹುಡುಕಿದರೆ ಫಲಿತಾಂಶದಲ್ಲಿ ಅದು ಕನ್ನಡವಾಗಿಯೇ ಕಾಣುತ್ತದೆ, ಶೇಕಡಾ ಚಿಹ್ನೆಗಳ ಸಾಲಾಗಿ ಅಲ್ಲ.

ಅಡುಗೆಮನೆ | ಜೂನ್ 7, ಬೆಳಿಗ್ಗೆ 11.15

ನನ್ನ ಅಡುಗೆ ತಾಣಕ್ಕೆ ಎರಡು ವರ್ಷದ ಹಿಂದೆ ಹೀಗೆಯೇ ಆಗಿತ್ತು. ವಿಳಾಸಗಳನ್ನೆಲ್ಲ ಸರಿಯಾಗಿ ಜೋಡಿಸಿದೆವು, ಚಿತ್ರಗಳನ್ನು ಮರೆತೆವು. ಚಿತ್ರಗಳ ಕಡತಗಳು ಹೊಸ ಕಪಾಟಿಗೆ ಹೋದವು, ಹಳೆಯ ಚಿತ್ರ ವಿಳಾಸಗಳು ಸತ್ತವು. ಚಿತ್ರ ಹುಡುಕಾಟದಿಂದ ಬರುತ್ತಿದ್ದವರು ವಾರದೊಳಗೆ ನಿಂತರು. ಹೋಳಿಗೆ ಮಾಡುವವರು ಮೊದಲು ಚಿತ್ರ ನೋಡಿಯೇ ಒಳಗೆ ಬರುವವರು. ಹಾಗಾಗಿ ಚಿತ್ರಗಳನ್ನೂ ಪಟ್ಟಿಗೆ ಸೇರಿಸಿ.

ತೋಟದಮನೆ | ಜೂನ್ 7, ಮಧ್ಯಾಹ್ನ 1.40

ಎಲ್ಲರಿಗೂ ಧನ್ಯವಾದ. ಪಟ್ಟಿ ಮಾಡಲು ಕುಳಿತೆ, ಮೊದಲ ಲೇಖನದಲ್ಲೇ ಸಿಕ್ಕಿಬಿದ್ದೆ. ಶೀರ್ಷಿಕೆ ‘ಅಡಿಕೆ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ತಯಾರಿಸುವ ವಿಧಾನ’. ಶೀರ್ಷಿಕೆಯಿಂದ ಹಳೆಯ ವಿಳಾಸ ಊಹಿಸಿ ಬರೆದರೆ ಹೊಂದುತ್ತಿಲ್ಲ. ವಾಟ್ಸಾಪ್‌ನಲ್ಲಿ ಸಿಕ್ಕ ನಿಜವಾದ ಹಳೆಯ ಕೊಂಡಿ ‘ಅಡಿಕೆ-ಕೊಳೆ-ರೋಗಕ್ಕೆ-ಬೋರ್ಡ’ ಎಂದು ನಡುವೆಯೇ ತುಂಡಾಗಿದೆ. ಇದೇಕೆ ಹೀಗೆ?

ಸರ್ವರ್_ಮನೆ | ಜೂನ್ 7, ಮಧ್ಯಾಹ್ನ 2.25

ಇದು ಕನ್ನಡದವರನ್ನು ಮಾತ್ರವಲ್ಲ, ಭಾರತೀಯ ಲಿಪಿಗಳವರನ್ನೆಲ್ಲ ಕಾಡುವ ಸಂಗತಿ. ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ವರ್ಡ್‌ಪ್ರೆಸ್ ತನ್ನ ದತ್ತಾಂಶ ಕೋಷ್ಟಕದಲ್ಲಿ ಲೇಖನದ ವಿಳಾಸ ತುಣುಕಿಗೆ 200 ಸ್ಥಾನ ಮಾತ್ರ ಇಟ್ಟಿದೆ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಸ್ಥಾನ ಸಾಕು. ಗಣಕದಲ್ಲಿ ಅಕ್ಷರ ಉಳಿಸುವ ಪದ್ಧತಿಯಾದ ಯುಟಿಎಫ್-8ರಲ್ಲಿ ಕನ್ನಡದ ಒಂದು ಅಕ್ಷರ ಮೂರು ಬೈಟ್. ಪ್ರತಿ ಬೈಟನ್ನು ವಿಳಾಸದಲ್ಲಿ ಶೇಕಡಾ ಚಿಹ್ನೆ ಮತ್ತು ಎರಡು ಅಕ್ಷರಾಂಕಗಳಾಗಿ ಬರೆಯುತ್ತಾರೆ. ಅಲ್ಲಿಗೆ ಒಂದು ಕನ್ನಡ ಅಕ್ಷರಕ್ಕೆ ಒಂಬತ್ತು ಸ್ಥಾನ. ಗುಣಿತದ ಚಿಹ್ನೆಗೂ ಬೇರೆ ಒಂಬತ್ತು, ಒತ್ತಕ್ಷರ ಮಾಡುವ ವಿರಾಮಕ್ಕೂ ಬೇರೆ ಒಂಬತ್ತು.

ನಿಮ್ಮ ಶೀರ್ಷಿಕೆಯನ್ನೇ ಎಣಿಸಿ. ‘ಅಡಿಕೆ’ ಎಂದರೆ ಅ, ಡ, ಇಕಾರದ ಚಿಹ್ನೆ, ಕ, ಎಕಾರದ ಚಿಹ್ನೆ: ಐದು, ಅಂದರೆ 45 ಸ್ಥಾನ. ‘ಕೊಳೆ’ ನಾಲ್ಕು, 36. ‘ರೋಗಕ್ಕೆ’ ಏಳು, 63. ನಡುವಿನ ಅಡ್ಡಗೆರೆಗಳು ಮೂರು. ಇಷ್ಟಕ್ಕೆ 147 ಆಯಿತು. ಉಳಿದ 53ರಲ್ಲಿ ಐದು ಅಕ್ಷರ ಹಿಡಿಯುತ್ತವೆ: ಬ, ಓಕಾರ, ರ, ವಿರಾಮ, ಡ. ಕೊನೆಯ ಓಕಾರಕ್ಕೆ ಜಾಗವಿಲ್ಲ. ಹಾಗಾಗಿ ‘ಬೋರ್ಡೋ’ ಹೋಗಿ ‘ಬೋರ್ಡ’ ಉಳಿಯಿತು.

ಆದ್ದರಿಂದ ಶೀರ್ಷಿಕೆ ನೋಡಿ ಹಳೆಯ ವಿಳಾಸ ಊಹಿಸುವುದನ್ನು ಈಗಲೇ ಬಿಡಿ. ಒಂದೇ ರೀತಿ ಆರಂಭವಾಗುವ ಎರಡು ಶೀರ್ಷಿಕೆಗಳಿದ್ದರೆ ಎರಡೂ ಒಂದೇ ಕಡೆ ತುಂಡಾಗುತ್ತವೆ. ಅದೇ ತಿಂಗಳೋ ಬೇರೆ ತಿಂಗಳೋ, ಎರಡನೆಯದರ ಕೊನೆಗೆ ‘-2’ ಬರುತ್ತದೆ. ಯಾವುದು ಯಾವುದೆಂದು ಕಣ್ಣಳತೆಯಲ್ಲಿ ಹೇಳಲು ಸಾಧ್ಯವಿಲ್ಲ.

ತೋಟದಮನೆ | ಜೂನ್ 7, ಮಧ್ಯಾಹ್ನ 2.41

‘ಅಡಿಕೆ ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವ ಸಮಯ’ ಎಂಬ ಇನ್ನೊಂದು ಲೇಖನದ ಕೊನೆಗೆ ‘-2’ ಏಕಿತ್ತು ಎಂದು ಇಂದು ತಿಳಿಯಿತು. ಇಷ್ಟು ವರ್ಷ ಎರಡು ಸಲ ಪ್ರಕಟಿಸಿಬಿಟ್ಟೆನೇ ಎಂದುಕೊಂಡಿದ್ದೆ.

ಹಳೇಪತ್ರಿಕೆ | ಜೂನ್ 7, ಸಂಜೆ 4.00

ಅಕ್ಷರದ ಮಾತು ಬಂದದ್ದರಿಂದ ಇನ್ನೊಂದು ಎಚ್ಚರಿಕೆ. ತೆರೆಯ ಮೇಲೆ ಒಂದೇ ಆಗಿ ಕಾಣುವ ‘ರೋ’ ಕಡತದೊಳಗೆ ಎರಡು ಬಗೆಯಲ್ಲಿ ಇರಬಹುದು: ಓಕಾರಕ್ಕೆ ಒಂದೇ ಸಂಕೇತವಿರಬಹುದು, ಅಥವಾ ಅದು ಮೂರು ತುಣುಕುಗಳ ಜೋಡಣೆಯಾಗಿರಬಹುದು. ಹಾಗೆಯೇ ‘ಸಾಫ್ಟ್‌ವೇರ್’ ಥರದ ಪದಗಳಲ್ಲಿ ಒತ್ತು ಬೀಳದಂತೆ ತಡೆಯುವ, ಕಣ್ಣಿಗೆ ಕಾಣದ ಅಕ್ಷರವೊಂದಿರುತ್ತದೆ. ಗಣಕಕ್ಕೆ ಇವೆಲ್ಲ ಬೇರೆ ಬೇರೆ ವಿಳಾಸಗಳು. ಪಟ್ಟಿಯನ್ನು ಕೈಯಲ್ಲಿ ಟೈಪ್ ಮಾಡಬೇಡಿ. ಎಲ್ಲಿಂದಲಾದರೂ ನಕಲು ಮಾಡಿಯೇ ತನ್ನಿ.

ನಾನು ಕೆಲಸ ಮಾಡುತ್ತಿದ್ದ ವಾರಪತ್ರಿಕೆ ನುಡಿ ಫಾಂಟಿನ ಹಳೆಯ ಪುಟಗಳನ್ನು ಯೂನಿಕೋಡ್‌ಗೆ ತಂದಾಗ ಇದೇ ಕಾರಣಕ್ಕೆ ಎರಡು ತಿಂಗಳು ಒದ್ದಾಡಿದೆವು. ಅಲ್ಲಿ ಕಳೆದುಕೊಳ್ಳಲು ರ‍್ಯಾಂಕೇ ಇರಲಿಲ್ಲ ಅನ್ನಿ. ಹಳೆಯ ಫಾಂಟಿನ ಪಠ್ಯ ಗೂಗಲ್‌ಗೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿತ್ತು.

ಘಟ್ಟದಮೇಲೆ | ಜೂನ್ 7, ಸಂಜೆ 5.12

ಹಾಗಾದರೆ ಹಳೆಯ ಪಟ್ಟಿ ಎಲ್ಲಿ ಸಿಗುತ್ತದೆ? ಅದನ್ನು ಹೇಳಿ ಮುಂದೆ ಹೋಗೋಣ.

ಬಯಲುಸೀಮೆ | ಜೂನ್ 7, ಸಂಜೆ 5.30

ಸರ್ಚ್ ಕನ್ಸೋಲ್ 16 ತಿಂಗಳ ಮಾಹಿತಿ ಇಟ್ಟಿರುತ್ತದೆ. ಪುಟಗಳ ಪಟ್ಟಿಯಲ್ಲಿ 1,000 ಸಾಲುಗಳನ್ನು ಇಳಿಸಿಕೊಳ್ಳಬಹುದು, ನಿಮ್ಮ 640ಕ್ಕೆ ಧಾರಾಳವಾಯಿತು. ಆದರೆ ಹುಡುಕಾಟದಲ್ಲಿ ಒಮ್ಮೆಯೂ ಕಾಣಿಸಿಕೊಳ್ಳದ ಪುಟ ಅದರಲ್ಲಿ ಇರುವುದಿಲ್ಲ. ಉಳಿದವುಗಳಿಗೆ, ತಾಣಗಳ ಹಳೆಯ ಪ್ರತಿ ಉಳಿಸುವ ವೇಬ್ಯಾಕ್ ಮಷೀನ್‌ನಲ್ಲಿ ನಿಮ್ಮ ಹಳೆಯ ಸೈಟ್‌ಮ್ಯಾಪ್ (ತಾಣದ ವಿಳಾಸಗಳ ಪಟ್ಟಿ) ಉಳಿದಿದೆಯೇ ನೋಡಿ. ಸರ್ವರ್‌ನ ದಾಖಲೆ ಕಡತಗಳಲ್ಲೂ ಗೂಗಲ್‌ಬಾಟ್ (ಪುಟಗಳನ್ನು ಓದಲು ಬರುವ ಗೂಗಲ್‌ನ ಯಂತ್ರ) ಕೇಳಿದ ವಿಳಾಸಗಳಿರುತ್ತವೆ.

ಸರ್ವರ್_ಮನೆ | ಜೂನ್ 7, ಸಂಜೆ 6.05

ಎಲ್ಲಕ್ಕಿಂತ ಮೊದಲು: ಹಳೆಯ ಹೋಸ್ಟಿಂಗ್ (ತಾಣ ಇಟ್ಟಿದ್ದ ಬಾಡಿಗೆ ಜಾಗ) ಇನ್ನೂ ಜೀವಂತವಾಗಿದೆಯೇ? ಹಳೆಯ ದತ್ತಾಂಶದ ಪ್ರತಿ ಇದ್ದರೆ ಇಷ್ಟೆಲ್ಲ ಬೇಕಾಗಿಲ್ಲ.

ತೋಟದಮನೆ | ಜೂನ್ 7, ರಾತ್ರಿ 8.20

ಇದೆ! ಜೂನ್ 30ರವರೆಗೆ ಹಣ ಕಟ್ಟಿದ್ದೇನೆ. ಈಗಲೇ ಪ್ರತಿ ಇಳಿಸಿಕೊಳ್ಳುತ್ತಿದ್ದೇನೆ.

ಘಟ್ಟದಮೇಲೆ | ಜೂನ್ 7, ರಾತ್ರಿ 8.45

ಒಳ್ಳೆಯದಾಯಿತು. ಈಗ ಹಳೆಯದರಿಂದ ಹೊಸದಕ್ಕೆ 301 ಹಾಕಿ. ಹಿಂದಕ್ಕೆ ಮಾತ್ರ ಹೋಗಬೇಡಿ. ಹನ್ನೆರಡು ದಿನದಲ್ಲಿ ಗೂಗಲ್ ಹೊಸ ವಿಳಾಸಗಳನ್ನು ನೋಡಿಯಾಗಿದೆ. ಮತ್ತೆ ಬದಲಿಸಿದರೆ ಎರಡೆರಡು ಸಲ ಗೊಂದಲ.

ಸರ್ವರ್_ಮನೆ | ಜೂನ್ 7, ರಾತ್ರಿ 9.30

ನಾನು ಒಪ್ಪುವುದಿಲ್ಲ. ಹೊಸ ವಿಳಾಸಗಳಿಗೆ ಹನ್ನೆರಡು ದಿನದ ಆಯುಸ್ಸು, ಹಳೆಯವಕ್ಕೆ ಹತ್ತು ವರ್ಷದ್ದು. ಹೊರಗಿನ ಕೊಂಡಿಗಳೆಲ್ಲ ಹಳೆಯ ವಿಳಾಸಕ್ಕೇ ಇವೆ. ಹೊಸ ವಿನ್ಯಾಸ ಹಾಗೆಯೇ ಇರಲಿ, ವಿಳಾಸಗಳನ್ನು ಮಾತ್ರ ಹಿಂದಿನಂತೆ ಮಾಡಿ, ಹನ್ನೆರಡು ದಿನದ ವಿಳಾಸಗಳಿಂದ ಹಳೆಯವಕ್ಕೆ 301 ಕೊಡಿ. ಮೂರು ತಿಂಗಳು ಕಳೆದ ಮೇಲೆ ಕೇಳಿದ್ದರೆ ನಾನೂ ನಿಮ್ಮಂತೆಯೇ ಹೇಳುತ್ತಿದ್ದೆ.

ಘಟ್ಟದಮೇಲೆ | ಜೂನ್ 7, ರಾತ್ರಿ 9.41

301ರಿಂದ ಬಲ ಕಡಿಮೆಯಾಗುವುದಿಲ್ಲ ಎಂದು ಗೂಗಲ್‌ನವರೇ 2016ರಲ್ಲಿ ಹೇಳಿದ್ದಾರೆ. ಹಾಗಿರುವಾಗ ಮುಂದಕ್ಕೆ ಹೋದರೆ ನಷ್ಟವೇನು?

ಸರ್ವರ್_ಮನೆ | ಜೂನ್ 7, ರಾತ್ರಿ 10.02

ಬಲದ ನಷ್ಟವಿಲ್ಲ, ನಿಜ. ಆದರೆ ಮುಂದಕ್ಕೆ ಹೋದರೆ 640 ಸಾಲುಗಳ ನಿಯಮ ಪಟ್ಟಿಯನ್ನು ಇವರು ಕಾಯುತ್ತಲೇ ಇರಬೇಕು. ಕನಿಷ್ಠ ಒಂದು ವರ್ಷ ಇಡಿ ಎನ್ನುತ್ತದೆ ಗೂಗಲ್. ಓದುಗರ ದೃಷ್ಟಿಯಿಂದ ಅದು ಎಂದೆಂದಿಗೂ ಇರಬೇಕು. ಮುಂದೆ ಹೋಸ್ಟಿಂಗ್ ಬದಲಿಸುವಾಗ ಯಾರೋ ಒಬ್ಬರು ಆ ಪಟ್ಟಿ ಮರೆಯುತ್ತಾರೆ. ವಿಳಾಸವೇ ಮೊದಲಿನದಾಗಿದ್ದರೆ ಮರೆಯಲು ಏನೂ ಇರುವುದಿಲ್ಲ.

ತೋಟದಮನೆ | ಜೂನ್ 7, ರಾತ್ರಿ 10.20

ಇದು ನನಗೆ ತಟ್ಟಿತು. ಮೂರು ವರ್ಷದ ಹಿಂದೆ ನಮ್ಮ ಕಡೆಯ ಒಂದು ಸಹಕಾರ ಸಂಘ ಸದಸ್ಯರಿಗೆ ಹಂಚಿದ ಕರಪತ್ರದಲ್ಲಿ ಬೋರ್ಡೋ ಲೇಖನದ ಕ್ಯುಆರ್ ಕೋಡ್ ಮುದ್ರಿಸಿತ್ತು. ಆ ಹಾಳೆ ಇಂದಿಗೂ ಎಷ್ಟೋ ಮನೆಗಳ ಅಟ್ಟದ ಕಂಬಕ್ಕೆ ಅಂಟಿಕೊಂಡಿದೆ. ನಮ್ಮ ಮನೆಯಲ್ಲೂ ಇದೆ, ಇದೀಗ ಹೋಗಿ ಮೊಬೈಲ್ ಹಿಡಿದು ನೋಡಿದೆ. ಮುಖಪುಟ ಬಂತು. ಹಳೆಯ ವಿಳಾಸಕ್ಕೇ ಮರಳುತ್ತೇನೆ.

ಮಹಾಳಿ_ಸೀಮೆ | ಜೂನ್ 8, ಬೆಳಿಗ್ಗೆ 6.45

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಿಮ್ಮ ತಾಣದ ಹಳೆಯ ಓದುಗ ನಾನು, ವಿಟ್ಲದ ಕಡೆಯವನು. ಬೋರ್ಡೋ ಲೇಖನದ ಕೆಳಗೆ ರೈತರು ಕೇಳಿದ ಪ್ರಶ್ನೆ, ನೀವು ಕೊಟ್ಟ ಉತ್ತರ ನೂರಕ್ಕೂ ಹೆಚ್ಚು ಇದ್ದವು. ಹೊಸ ತಾಣದಲ್ಲಿ ಒಂದೂ ಇಲ್ಲ. ಸುಣ್ಣದ ತಿಳಿಗೆ ಮೈಲುತುತ್ತದ ನೀರು ಹೊಯ್ಯಬೇಕೋ, ಅದಕ್ಕೆ ಇದನ್ನು ಹೊಯ್ಯಬೇಕೋ ಎಂಬ ಚರ್ಚೆ ಅಲ್ಲೇ ಇತ್ತು. ಪ್ರಮಾಣದ ಕೋಷ್ಟಕವೂ ಈಗ ಬಣ್ಣದ ಚಿತ್ರವಾಗಿದೆ, ನಕಲು ಮಾಡಲು ಬರುವುದಿಲ್ಲ.

ಬಯಲುಸೀಮೆ | ಜೂನ್ 8, ಬೆಳಿಗ್ಗೆ 7.30

ಅತ್ಯಂತ ಮುಖ್ಯವಾದ ಸಂಗತಿಯನ್ನು ತಾಂತ್ರಿಕರಾರೂ ನೋಡಲಿಲ್ಲ, ಓದುಗರು ನೋಡಿದರು. ವಿಳಾಸ ಸರಿಯಾದರೂ ಪುಟದಲ್ಲಿದ್ದ ಪಠ್ಯ ಹೋಗಿದ್ದರೆ ರ‍್ಯಾಂಕ್ ಮರಳುವುದಿಲ್ಲ. ನಿಮ್ಮ ಕಡೆ ಕೊಳೆ ರೋಗವನ್ನು ಮಹಾಳಿ ಎನ್ನುತ್ತೀರಿ ತಾನೇ? ಲೇಖನದಲ್ಲಿ ಆ ಪದ ಇತ್ತೇ?

ತೋಟದಮನೆ | ಜೂನ್ 8, ಬೆಳಿಗ್ಗೆ 8.10

ಈಗಷ್ಟೇ ಸರ್ಚ್ ಕನ್ಸೋಲ್‌ನಲ್ಲಿ ನೋಡಿದೆ. ಕಳೆದ ಜೂನ್, ಜುಲೈನಲ್ಲಿ ‘ಮಹಾಳಿ ರೋಗ’ ಎಂದು ಹುಡುಕಿ ಬಂದವರೇ ಆ ಪುಟದ ಓದುಗರಲ್ಲಿ ಮೂರನೆಯ ಒಂದು ಭಾಗ. ನಾನು ಬರೆದ ಲೇಖನದಲ್ಲಿ ಆ ಪದ ಒಂದು ಸಲವೂ ಇಲ್ಲ. ಎಲ್ಲವೂ ಕೆಳಗಿನ ಪ್ರಶ್ನೆಗಳಲ್ಲಿ, ದಕ್ಷಿಣ ಕನ್ನಡದವರು ಬರೆದದ್ದು. ಟಿಪ್ಪಣಿ ವಿಭಾಗ ತಾಣವನ್ನು ನಿಧಾನ ಮಾಡುತ್ತದೆ ಎಂದು ತೆಗೆದಿದ್ದಾರೆ. ಹಳೆಯ ದತ್ತಾಂಶದಲ್ಲಿ ಅವೆಲ್ಲ ಇವೆ.

ಮಹಾಳಿ_ಸೀಮೆ | ಜೂನ್ 8, ಬೆಳಿಗ್ಗೆ 8.25

ದೇವರು ದೊಡ್ಡವನು. ಅವುಗಳನ್ನು ಬಿಡಬೇಡಿ.

ಕಳಸ_ಕಡೆಯವ | ಜೂನ್ 8, ಬೆಳಿಗ್ಗೆ 9.00

ಬೋರ್ಡೋ ದ್ರಾವಣದ ಆ ಚರ್ಚೆಯ ಬಗ್ಗೆ ಹೇಳುತ್ತೇನೆ: ಒಂದು ಕಿಲೋ ಮೈಲುತುತ್ತ 50 ಲೀಟರ್ ನೀರಿನಲ್ಲಿ, ಒಂದು ಕಿಲೋ ಸುಣ್ಣ ಬೇರೆ 50 ಲೀಟರ್‌ನಲ್ಲಿ. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತಾ ಹೊಯ್ಯಬೇಕು. ಹೊಳೆಯುವ ಕತ್ತಿಯ ಅಲಗನ್ನು ಅದ್ದಿ ತೆಗೆದಾಗ ಕೆಂಪು ಕಲೆ ಕೂತರೆ ಸುಣ್ಣ ಸಾಲದು ಎಂದರ್ಥ. ಮೊದಲ ಸಿಂಪಡಣೆ ಮಳೆ ಹಿಡಿಯುವ ಮುಂಚೆ, ಎರಡನೆಯದು 40–45 ದಿನಕ್ಕೆ.

ಹಳೇಪತ್ರಿಕೆ | ಜೂನ್ 8, ಬೆಳಿಗ್ಗೆ 9.20

ಮಳೆ ತಾಗದಂತೆ ಅಡಿಕೆ ಗೊನೆಗೆ ಕೊಟ್ಟೆ (ಹೊದಿಕೆ) ಕಟ್ಟುವವರು ಈಗ ಯಾರೂ ಉಳಿದಿಲ್ಲವೇ? ನಮ್ಮ ಅಜ್ಜನ ಕಾಲದಲ್ಲಿ ಗೊನೆಗೊನೆಗೂ ಕಟ್ಟುತ್ತಿದ್ದರು.

ಕಳಸ_ಕಡೆಯವ | ಜೂನ್ 8, ಬೆಳಿಗ್ಗೆ 9.26

ಮರ ಹತ್ತುವವರು ಸಿಗಬೇಕಲ್ಲ. ಸಿಂಪಡಿಸಲೇ ಜನವಿಲ್ಲ.

ವಿನ್ಯಾಸ_ಕೆಲಸ | ಜೂನ್ 8, ಬೆಳಿಗ್ಗೆ 11.40

ಮತ್ತೆ ವಿಷಯಕ್ಕೆ. ಹಳೆಯ, ಹೊಸ ದತ್ತಾಂಶಗಳನ್ನು ಜೋಡಿಸುವಾಗ ಶೀರ್ಷಿಕೆ ನಂಬಬೇಡಿ, ಸಂಸ್ಥೆಯವರು ಎಷ್ಟೋ ಕಡೆ ತಿದ್ದಿರುತ್ತಾರೆ. ಪ್ರಕಟವಾದ ದಿನಾಂಕ ಮತ್ತು ಸಮಯ ಸೆಕೆಂಡಿನವರೆಗೂ ಎರಡರಲ್ಲೂ ಒಂದೇ ಇರುತ್ತದೆ. ಅದನ್ನೇ ಕೊಂಡಿಯಾಗಿ ಇಟ್ಟುಕೊಂಡು ಹಳೆಯ ವಿಳಾಸ ತುಣುಕನ್ನು ಹೊಸ ಕೋಷ್ಟಕಕ್ಕೆ ತುಂಬಿಸಿ. ಆಮೇಲೆ ಪರ್ಮಾಲಿಂಕ್ ಪುಟದಲ್ಲಿ ವರ್ಷ, ತಿಂಗಳು, ಹೆಸರು ಎಂಬ ರಚನೆ ಆರಿಸಿ ಉಳಿಸಿ. ಮುಖಪುಟಕ್ಕೆ ತಳ್ಳುವ ಪ್ಲಗಿನ್ ಅನ್ನು ಅದಕ್ಕೂ ಮೊದಲೇ ತೆಗೆಯಿರಿ.

ಸರ್ವರ್_ಮನೆ | ಜೂನ್ 8, ಮಧ್ಯಾಹ್ನ 12.15

ದಿನಾಂಕದ ಉಪಾಯ ಬಹಳ ಚೆನ್ನಾಗಿದೆ. ಮುಂದೆ ಎಂದಾದರೂ ಕನ್ನಡ ವಿಳಾಸಕ್ಕೆ ಎನ್‌ಜಿನ್‌ಎಕ್ಸ್ ಅಥವಾ ಅಪಾಚೆ ಎಂಬ ಸರ್ವರ್ ತಂತ್ರಾಂಶದಲ್ಲಿ ರೀರೈಟ್ (ವಿಳಾಸ ಬದಲಿಸುವ) ನಿಯಮ ಬರೆಯಬೇಕಾಗಿ ಬಂದರೆ, ಶೇಕಡಾ ಚಿಹ್ನೆಗಳ ಸಾಲನ್ನು ಅಂಟಿಸಬೇಡಿ. ಸರ್ವರ್ ಅದನ್ನು ಬಿಡಿಸಿ ಅಕ್ಷರ ಮಾಡಿಕೊಂಡ ಮೇಲೆಯೇ ಹೋಲಿಸುತ್ತದೆ, ಹಾಗಾಗಿ ನಿಯಮ ಎಂದಿಗೂ ಹೊಂದುವುದಿಲ್ಲ. ಕಡತವನ್ನು ಯುಟಿಎಫ್-8ರಲ್ಲಿ ಉಳಿಸಿ, ಕನ್ನಡವನ್ನೇ ಬರೆಯಿರಿ.

ಇನ್ನೊಂದು. ಈ ದಿನಗಳಲ್ಲಿ ಹಳೆಯ ಕೊಂಡಿ ಒತ್ತಿದವರ ಬ್ರೌಸರ್ ಆ ತಪ್ಪು 301 ಅನ್ನು ನೆನಪಿಟ್ಟುಕೊಂಡಿರುತ್ತದೆ. ವಿಳಾಸ ಸರಿಯಾದ ಮೇಲೂ ಕೆಲವರಿಗೆ ಮುಖಪುಟವೇ ಬರಬಹುದು. ದೂರು ಬಂದರೆ ಬ್ರೌಸರ್‌ನ ಸಂಗ್ರಹ ಅಳಿಸಲು ಹೇಳಿ.

ತೋಟದಮನೆ | ಜೂನ್ 10, ರಾತ್ರಿ 11.50

ಮಾಡಿದೆ. 640ರಲ್ಲಿ 633 ದಿನಾಂಕದಿಂದಲೇ ಹೊಂದಿದವು, ಏಳನ್ನು ಕೈಯಲ್ಲಿ ಜೋಡಿಸಿದೆ. ಟಿಪ್ಪಣಿಗಳೆಲ್ಲ ಮರಳಿದವು. ಕೋಷ್ಟಕವನ್ನು ಮತ್ತೆ ಅಕ್ಷರಗಳಲ್ಲೇ ಬರೆದೆ, ಲೇಖನದ ಮೊದಲ ಸಾಲಿನಲ್ಲೇ ‘ಮಹಾಳಿ’ ಸೇರಿಸಿದೆ. ಸೈಟ್‌ಮ್ಯಾಪ್ ಹೊಸದಾಗಿ ಸಲ್ಲಿಸಿದೆ. ಅಟ್ಟದ ಕಂಬದ ಕ್ಯುಆರ್ ಕೋಡ್ ಲೇಖನಕ್ಕೇ ಹೋಗುತ್ತಿದೆ.

ಬಯಲುಸೀಮೆ | ಜೂನ್ 11, ಬೆಳಿಗ್ಗೆ 7.10

ಇನ್ನು ದಿನಾ ಸಂಖ್ಯೆ ನೋಡಿ ಕಂಗಾಲಾಗಬೇಡಿ. ನಿಮ್ಮಷ್ಟು ದೊಡ್ಡ ತಾಣಕ್ಕೆ ಕೆಲವು ವಾರಗಳು ಬೇಕು. ಹೋಲಿಸುವುದಾದರೆ ಕಳೆದ ವರ್ಷದ ಇದೇ ವಾರದೊಂದಿಗೆ ಹೋಲಿಸಿ, ಮೇ ತಿಂಗಳೊಂದಿಗೆ ಅಲ್ಲ. ಮಳೆಗಾಲದ ವಿಷಯ ಮಳೆ ಬಂದಾಗ ಏರಿಯೇ ಏರುತ್ತದೆ, ಅದನ್ನು ಚೇತರಿಕೆ ಎಂದು ತಿಳಿದು ಮೋಸಹೋಗಬಾರದು.

ತೋಟದಮನೆ | ಜೂನ್ 29, ರಾತ್ರಿ 9.05

ನಿನ್ನೆ ಗೂಗಲ್‌ನಿಂದ 1,390 ಜನ ಬಂದಿದ್ದಾರೆ. ಕಳೆದ ವರ್ಷ ಇದೇ ದಿನ 2,100 ಇತ್ತು, ಆದ್ದರಿಂದ ಪೂರ್ತಿ ಮರಳಿಲ್ಲ. ಕೊಳೆ ರೋಗದ ಪುಟ ನಾಲ್ಕನೆಯ ಸ್ಥಾನಕ್ಕೆ ಬಂದಿದೆ. ‘ಮಹಾಳಿ ರೋಗ’ಕ್ಕೆ ಮೊದಲನೆಯದೇ ಅದು. ಹಳೆಯ ಹೋಸ್ಟಿಂಗ್‌ಗೆ ಇನ್ನೂ ಮೂರು ತಿಂಗಳ ಹಣ ಕಟ್ಟಿದೆ, ಏಕೆಂದರೆ ಅಡುಗೆಮನೆಯವರು ಹೇಳಿದ ಚಿತ್ರಗಳ ಪಟ್ಟಿ ಹಾಗೆಯೇ ಉಳಿದಿದೆ. ರೋಗ ಹಿಡಿದ ಗೊನೆಯ ಚಿತ್ರಗಳೇ 200ಕ್ಕೂ ಹೆಚ್ಚಿವೆ. ನಾಳೆ ಅದಕ್ಕೆ ಕೂರುತ್ತೇನೆ.

ಅಡುಗೆಮನೆ | ಜೂನ್ 29, ರಾತ್ರಿ 9.30

ಕಡತದ ಹೆಸರುಗಳಲ್ಲಿ ಕನ್ನಡ ಇದ್ದರೆ ಮೊದಲೇ ತಿಳಿಸಿ. ನಾನು ಮಾಡಿಟ್ಟ ಪಟ್ಟಿಯ ಮಾದರಿ ಕಳುಹಿಸುತ್ತೇನೆ.